ಉಜ್ಜುವುದನ್ನು ಬಿಟ್ಟ ಉಜ್ಜಕ್ಕ

ಸ್ನಾನ ಮಾಡುವಾಗ ಮೈಯನ್ನು ಗಸಗಸ ಉಜ್ಜಿದರೆ ಬೂದು ಬಣ್ಣದ ಸಣ್ಣ ಸಣ್ಣ ಬತ್ತಿಗಳು ಉದುರುತ್ತವಲ್ಲ, ಅದರಲ್ಲಿ ಬಹುಪಾಲು ಕೊಳೆಯಲ್ಲ. ಅದು ನಿಮ್ಮದೇ ಚರ್ಮ. ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಇದು ಗೊತ್ತಿರಬೇಕಿತ್ತು. ಗೊತ್ತಿಲ್ಲ, ಗೊತ್ತಿದ್ದರೂ ನಂಬಿಕೆಯಿಲ್ಲ. "ನೋಡು, ಎಷ್ಟು ಕೊಳೆ!" ಎಂದು ಮಕ್ಕಳ ಕುತ್ತಿಗೆಯನ್ನು ಕೆಂಪಾಗುವವರೆಗೆ ತಿಕ್ಕುತ್ತೇವೆ. ಇನ್ನಷ್ಟು ಬರುತ್ತದೆ. ಇನ್ನಷ್ಟು ತಿಕ್ಕುತ್ತೇವೆ. ಗೋಡೆಯನ್ನು ಕೆರೆದು, ಉದುರಿದ ಸುಣ್ಣವನ್ನು ಧೂಳೆಂದು ಗುಡಿಸುವ ಜಾಣರು ನಾವು.

ಈ ಜಾಣತನದಲ್ಲಿ ಇಪ್ಪತ್ತೆರಡು ವರ್ಷ ಎಲ್ಲರಿಗಿಂತ ಮುಂದಿದ್ದವಳು ಉಜ್ಜಕ್ಕ.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಆರೈಕೆ ಮನೆಯೊಂದರಲ್ಲಿ ಅವಳದು ಸ್ನಾನ ಮಾಡಿಸುವ ಕೆಲಸ. ನೆಲಮಹಡಿಯ ಗಂಡಸರ ವಾರ್ಡು, ಒಂಬತ್ತು ಕಬ್ಬಿಣದ ಮಂಚ. ಸೊಂಟ ಮುರಿದವರು, ಲಕ್ವ ಹೊಡೆದವರು, ಎದ್ದು ನಿಲ್ಲುವುದನ್ನು ಮರೆತವರು. ಹೆಸರು ಅವಳಿಗೂ ಇತ್ತು. ಆದರೆ ಮೊದಲ ವಾರದಲ್ಲೇ ಯಾರೋ ರೋಗಿ "ಅಯ್ಯೋ, ಆ ಉಜ್ಜಕ್ಕ ಬಂದಳು, ನಾನು ನಿದ್ದೆ ಮಾಡ್ತಿದ್ದೀನಿ ಅಂತ ಹೇಳಿ" ಎಂದಿದ್ದರಂತೆ. ಆ ಹೆಸರೇ ಅಂಟಿಕೊಂಡಿತು. ಅವಳಿಗೆ ಬೇಸರವಿರಲಿಲ್ಲ. ಅದನ್ನು ಪದವಿಯ ಹಾಗೆ ಹೊತ್ತು ತಿರುಗುತ್ತಿದ್ದಳು.

ಗಿಡ್ಡ ಆಳು, ಗಟ್ಟಿ ಮೊಣಕೈ. ಸ್ನಾನದ ಕೋಣೆಯಲ್ಲಿ ನಡುವೆ ತೂತಿರುವ ಒಂದು ಗಾಲಿಕುರ್ಚಿ. ಅದರ ಒಂದು ಗಾಲಿಗೆ ಬ್ರೇಕು ಹಿಡಿಯುವುದಿಲ್ಲ, ಅದಕ್ಕೆ ಅವಳ ಎಡಗಾಲೇ ಬ್ರೇಕು. ಹಳದಿ ಬಕೆಟ್ಟು, ಹಿಡಿ ಸಡಿಲಾದ ಮಗ್ಗು, ಹಳೆಯ ಟವೆಲುಗಳಿಂದ ಕತ್ತರಿಸಿದ ಒಂಬತ್ತು ಒರಟು ಬಟ್ಟೆ, ಒಬ್ಬೊಬ್ಬರಿಗೆ ಒಂದೊಂದು. ನೀರು ಹೊಗೆಯಾಡಬೇಕು. ಸೋಪು ಕೆಂಪು ಬಣ್ಣದ್ದು, ಮೂರು ಕೋಣೆಯಾಚೆಗೆ ವಾಸನೆ ಹೊಡೆಯುವಂಥದ್ದು. ಬೆನ್ನು ಉಜ್ಜುತ್ತಾ ಅವರವರ ಮನೆ ಸುದ್ದಿ ವಿಚಾರಿಸುವಳು, ಕಿವಿ ಹಿಂದೆ ಉಜ್ಜುತ್ತಾ ಬೈಯುವಳು, ಕಾಲ್ಬೆರಳು ಉಜ್ಜುತ್ತಾ ಹಾಡುವಳು. ಯಾರೊಬ್ಬರಿಗೂ ತಾನು ಭಾರವಾಗಿದ್ದೇನೆ ಅನ್ನಿಸಲು ಬಿಟ್ಟವಳಲ್ಲ. ಅವಳ ಗಂಡ ಹೇಳುತ್ತಿದ್ದ: "ಇವಳ ಹತ್ತಿರ ಒಂದು ಸಲ ಬೆನ್ನು ಉಜ್ಜಿಸ್ಕೊಂಡೆ. ಹೋದ ವರ್ಷ ಹೇಳಿದ ಸುಳ್ಳೆಲ್ಲ ಉದುರಿಹೋಯ್ತು."

ಪ್ರೀತಿ ಅಂದರೆ ಅವಳಿಗೆ ಉಜ್ಜುವುದು. ಇದನ್ನು ಅರ್ಥ ಮಾಡಿಕೊಳ್ಳದೆ ಅವಳನ್ನು ಯಾರೂ ಬೈಯಬೇಡಿ. ಬೈಯಬೇಕಾದವರು ಬೇರೆಯೇ ಇದ್ದಾರೆ.

ಆ ಬೇರೆಯವರು ಬರುತ್ತಿದ್ದುದು ಭಾನುವಾರ. ಮಗ, ಮಗಳು, ಅಳಿಯ, ಸೊಸೆ. ಬಂದವರು ಮಂಚದ ಪಕ್ಕ ನಿಂತು, ಬಗ್ಗಿ, ಮೂಸುವರು. ಕೆಂಪು ಸೋಪಿನ ವಾಸನೆ ಬಂದರೆ ಮುಖ ಅರಳುವುದು. "ಅಪ್ಪ ಘಮ್ ಅಂತಿದ್ದಾರೆ. ಚೆನ್ನಾಗಿ ನೋಡ್ಕೋತಿದ್ದೀರ." ತಪಾಸಣೆ ಮುಗಿಯಿತು. ಅಂಗಿಯ ತೋಳು ಮೇಲೆತ್ತಿ ನೋಡಿದವರಿಲ್ಲ, ಹೊದಿಕೆ ಸರಿಸಿ ಮೊಣಕಾಲು ಮುಟ್ಟಿದವರಿಲ್ಲ. ನನ್ನ ಸೋದರಮಾವ ಐದನೆಯ ಮಂಚದಲ್ಲಿದ್ದಾಗ ನಾನೂ ಹಾಗೆಯೇ ಮೂಸಿ ಬಂದವನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಇನ್ನೊಬ್ಬರನ್ನು ಹಂಗಿಸುತ್ತೇವಲ್ಲ, ಅದು ನಾವೇ. ಹಿಂದೊಮ್ಮೆ ಒಂದು ಮನೆಯವರು "ವಾಸನೆ ಬರ್ತಿದೆ" ಎಂದು ತಮ್ಮ ರೋಗಿಯನ್ನು ಕರೆದುಕೊಂಡು ಹೊರಟೇ ಹೋಗಿದ್ದರು. ಅಂದಿನಿಂದ ಮ್ಯಾನೇಜರ್ ಮೇಡಂ ನಿಯಮ ಮಾಡಿದರು: ಎಲ್ಲರಿಗೂ ದಿನಾ ಬಿಸಿನೀರು, ದಿನಾ ಕೆಂಪು ಸೋಪು, ತಲೆಯಿಂದ ಕಾಲಿನವರೆಗೆ.

ಎರಡನೆಯ ಮಂಚದಲ್ಲಿ ಗಡಿಯಾರದಜ್ಜ.

ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಲಕ್ವ ಹೊಡೆದು ಬಲಭಾಗ ಹೋಯಿತು, ಜೊತೆಗೆ ಮಾತೂ ಹೋಯಿತು. ಈ ವಾರ್ಡಿಗೆ ಬಂದು ಎರಡು ವರ್ಷ. ಉಳಿದದ್ದು ಎಡಗೈ ಒಂದೇ. ಆ ಒಂದು ಕೈಯಲ್ಲೇ ಅಜ್ಜ ಸಂಸಾರ ಸಾಗಿಸುತ್ತಿದ್ದರು. ಎರಡು ಬೆರಳು ತುಟಿಗೆ ಮುಟ್ಟಿಸಿದರೆ ನೀರು. ಅಂಗೈ ಎರಡು ಸಲ ಹಾಸಿಗೆಗೆ ತಟ್ಟಿದರೆ 'ಸಾಕು' ಎಂದು. ಹೆಬ್ಬೆರಳು ತೋರುಬೆರಳು ಸೇರಿಸಿ, ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ತಿರುಗಿಸಿದರೆ 'ನಿಧಾನ'. ಮೂಗು ಹಿಡಿದುಕೊಂಡರೆ ಮ್ಯಾನೇಜರ್ ಮೇಡಂ ಬರುತ್ತಿದ್ದಾರೆ ಎಂದರ್ಥ. ಆಗ ವಾರ್ಡಿನಲ್ಲಿ ಮಾತನಾಡಬಲ್ಲವರೆಲ್ಲ ನಗುತ್ತಿದ್ದರು.

ಅಜ್ಜನಿಗೆ ತುರಿಕೆ. ಕೈ ಎಟುಕಿದಲ್ಲೆಲ್ಲ ಕೆರೆದುಕೊಂಡು ತೊಡೆ, ಹೊಟ್ಟೆ, ಬಲತೋಳು ಗೀರುಗೀರಾಗಿ ರಕ್ತ ಒಸರುತ್ತಿತ್ತು. ಹಾಸಿಗೆಯ ಮೇಲೆ ಬಿಳಿ ಹೊಟ್ಟು. ಎರಡು ವಾರಕ್ಕೊಮ್ಮೆ ಬರುವ ಡಾಕ್ಟರು ನೋಡಿ, ಕಜ್ಜಿಯಲ್ಲ, ಹುಳದ ಕಾಟವಲ್ಲ ಎಂದು ಹೇಳಿ ಮಾತ್ರೆ ಬರೆದು ಹೋಗಿದ್ದರು. ಮಾತ್ರೆಗೆ ಅಜ್ಜ ತೂಕಡಿಸಿದರು. ತೂಕಡಿಸುತ್ತಲೇ ಕೆರೆದುಕೊಂಡರು.

ಒಂದು ಸೋಮವಾರ ಮ್ಯಾನೇಜರ್ ಮೇಡಂ ವಾರ್ಡಿಗೆ ಬಂದು ಹೇಳಿದರು: "ಮುಂದಿನ ಸಲ ಡಾಕ್ಟರ್ ಬಂದಾಗ ಕಾಗದಕ್ಕೆ ಸಹಿ ಹಾಕಿಸ್ಕೊಂಡು ಇವರ ಕೈ ಕಟ್ಟಿಬಿಡೋಣ. ಗಾಯ ಕೀವಾದ್ರೆ ಯಾರು ಹೊಣೆ? ಮಗಳಿಗೂ ಫೋನ್ ಮಾಡಿದ್ದೀನಿ. ಒಳ್ಳೇದಕ್ಕೆ ತಾನೇ, ಕಟ್ಟಿ ಅಂದ್ರು."

ಕಟ್ಟುವುದೆಂದರೆ ಹತ್ತಿ ತುಂಬಿದ ದಪ್ಪ ಚೀಲವನ್ನು ಮಣಿಕಟ್ಟಿನವರೆಗೆ ತೊಡಿಸಿ, ಅದರ ಲಾಡಿಯನ್ನು ಮಂಚದ ಸರಳಿಗೆ ಬಿಗಿಯುವುದು. ಆರನೆಯ ಮತ್ತು ಎಂಟನೆಯ ಮಂಚದವರಿಗೆ ಇದೇ ತುರಿಕೆಯ ಕಾರಣಕ್ಕೆ ಆಗಲೇ ಕಟ್ಟಿತ್ತು. ಆದರೆ ಅವರಿಗೆ ಬಾಯಿ ಇತ್ತು. ನೀರು ಬೇಕು ಅಂತ ಕೂಗಬಹುದಿತ್ತು. ಗಡಿಯಾರದಜ್ಜನ ಎಡಗೈ ಕಟ್ಟಿದರೆ ಅವರ ಬಾಯಿಗೆ ಬಟ್ಟೆ ತುರುಕಿದಂತೆ.

ಉಜ್ಜಕ್ಕನಿಗೆ ಅನ್ನ ಸೇರಲಿಲ್ಲ. ಎರಡು ವಾರ ಇದೆ, ಅಷ್ಟರಲ್ಲಿ ತುರಿಕೆ ನಿಲ್ಲಿಸಿಯೇ ಸಿದ್ಧ ಎಂದು ಪಣ ತೊಟ್ಟಳು. ಅವಳಿಗೆ ಗೊತ್ತಿದ್ದ ಮದ್ದು ಒಂದೇ. ತುರಿಕೆ ಇದ್ದರೆ ಕೊಳೆ ಇದೆ, ಕೊಳೆ ಇದ್ದರೆ ಉಜ್ಜಬೇಕು. ಅಂದಿನಿಂದ ಗಡಿಯಾರದಜ್ಜನಿಗೆ ದಿನಕ್ಕೆ ಎರಡು ಸ್ನಾನ.

ಗುರುವಾರ ಮಧ್ಯಾಹ್ನದ ಎರಡನೆಯ ಸ್ನಾನ. ಬಿಸಿನೀರು ಬಿದ್ದ ಕ್ಷಣ ಅಜ್ಜನ ಕಣ್ಣು ಮುಚ್ಚಿತು. ಬಿಸಿಗೆ ತುರಿಕೆ ಅರೆಗಳಿಗೆ ಮರೆಯುತ್ತದೆ, ಆ ಸುಖ. ಉಜ್ಜಕ್ಕ ಬಟ್ಟೆ ಸುತ್ತಿಕೊಂಡು ತೋಳಿಗೆ ಇಳಿದಳು. ಬತ್ತಿ ಬತ್ತಿಯಾಗಿ ಉದುರಿತು.

"ಏನಜ್ಜ ಇದು? ಬೆಳಿಗ್ಗೆ ತಾನೇ ತೊಳೆದಿದ್ದೀನಿ. ಮತ್ತೆ ಎಲ್ಲಿಂದ ತಂದ್ರಿ ಇಷ್ಟು ಕೊಳೆ? ನಾನು ಊಟಕ್ಕೆ ಹೋದಾಗ ಮಂಚದ ಕೆಳಗೆ ಗದ್ದೆ ಉಳ್ತೀರಾ?"

ಅಜ್ಜ ಬೆರಳು ತಿರುಗಿಸಿದರು. ನಿಧಾನ.

"ನಿಧಾನ ಮಾಡಿದ್ರೆ ಕೈ ಕಟ್ತಾರೆ. ಸುಮ್ಮನಿರಿ."

ಅಜ್ಜ ಸುಮ್ಮನಿರಲಿಲ್ಲ. ಆ ಒಂದು ಕೈಯಿಂದ ಅವಳ ಮಣಿಕಟ್ಟು ಹಿಡಿದು, ಒರಟು ಬಟ್ಟೆ ಕಿತ್ತುಕೊಂಡು, ಅವಳ ಮುಂಗೈಯನ್ನೇ ಉಜ್ಜತೊಡಗಿದರು. ಬೆಳಗಿನಿಂದ ಅದೇ ಸೋಪಿನ ನೀರಿನಲ್ಲಿ ನೆನೆದ ಕೈ ಅದು. ಅದರಿಂದಲೂ ಬೂದು ಬತ್ತಿ ಉದುರಿತು. ಅವಳು ನಕ್ಕಳು. "ಓಹೋ, ನನಗೇ ಸ್ನಾನವಾ?" ಅಜ್ಜ ನಗಲಿಲ್ಲ. ನೀರಲ್ಲಿ ತೊಳೆದು ಮತ್ತೆ ಉಜ್ಜಿದರು. ಮತ್ತೆ ಬಂತು. ಮೂರನೆಯ ಸಲ ಅವಳ ಕೈ ಕೆಂಪಾಗಿ ಚುರುಚುರು ಅಂದಿತು. ಆಗಲೂ ಬಂತು. ಅಜ್ಜ ಒಂದು ಬತ್ತಿಯನ್ನು ಬೆರಳ ತುದಿಗೆ ಎತ್ತಿಕೊಂಡು, ಗಡಿಯಾರದ ಸ್ಕ್ರೂ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಅದನ್ನು ಅವಳ ಕೆಂಪು ಕೈಯ ಮೇಲಿಟ್ಟರು. ಅವಳ ಕೈ ತೋರಿಸಿದರು, ತಮ್ಮ ತೋಳು ತೋರಿಸಿದರು.

ಅವಳು ಓದಿದವಳಲ್ಲ, ಆದರೆ ದಡ್ಡಿಯೂ ಅಲ್ಲ. ತೊಳೆದಷ್ಟೂ ಮುಗಿಯದ ಕೊಳೆ ಕೊಳೆಯೇ ಅಲ್ಲ ಎಂಬುದು ಅವಳ ತಲೆಗೆ ಹೊಕ್ಕಿತು. ಎಡಗಾಲಿನ ಬ್ರೇಕು ತೆಗೆಯುವುದನ್ನೂ ಮರೆತು ಹಾಗೇ ನಿಂತಳು.

ಅಜ್ಜನನ್ನು ಮಂಚಕ್ಕೆ ಸೇರಿಸಿ ನೇರವಾಗಿ ನರ್ಸ್ ಹತ್ತಿರ ಹೋದಳು. ಎಲ್ಲರೂ ಸಿಸ್ಟರ್ ಎಂದು ಕರೆಯುವ ಆಕೆ ಮೂಲೆಯ ಮೇಜಿನಲ್ಲಿ ಜ್ವರದ ಪಟ್ಟಿ ತುಂಬುತ್ತಿದ್ದರು.

"ಸಿಸ್ಟರ್, ತೊಳೆದ ಮೈಯನ್ನೇ ಮತ್ತೆ ಉಜ್ಜಿದ್ರೂ ಬರುತ್ತಲ್ಲ, ಅದು ಏನು?"

"ಚರ್ಮದ ಮೇಲ್ಪದರ ಅಕ್ಕ. ಕೊಳೆ ಅಲ್ಲ."

"ನಿಮಗೆ ಗೊತ್ತಿತ್ತಾ?"

"ಹೂಂ. ಓದುವಾಗಲೇ ಹೇಳಿಕೊಟ್ಟಿದ್ರು."

"ಅಂದ್ರೆ ನೀವು ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?"

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಹದಿನೈದು."

"ಹದಿನೈದು ವರ್ಷ ಬಾಯಲ್ಲಿ ಏನು ಇಟ್ಕೊಂಡಿದ್ರಿ?"

"ನೀವು ಕೇಳಿದ್ರಾ? ನೀವು ಉಜ್ಜುವಾಗ ಅಡ್ಡ ಬರೋ ಧೈರ್ಯ ಈ ಮನೇಲಿ ಯಾರಿಗಿದೆ ಅಕ್ಕ? ಬಂದ ಹೊಸದ್ರಲ್ಲಿ ಒಂದು ಸಲ ಹೇಳೋಕೆ ಬಂದೆ. 'ಸೂಜಿ ಚುಚ್ಚೋದು ನಿಮ್ಮ ಕೆಲಸ, ಸ್ನಾನ ನನ್ನದು' ಅಂದ್ರಿ. ಮೇಡಂಗೂ ಹೇಳ್ದೆ. 'ವಾಸನೆ ಬಂದ್ರೆ ನೀವು ಜವಾಬ್ದಾರಿನಾ' ಅಂದ್ರು."

ಉಜ್ಜಕ್ಕ ನಾಲಗೆ ಕಚ್ಚಿಕೊಂಡಳು. ಆಡಿದ್ದು ನೆನಪಿತ್ತು.

ನೋಡಿ, ನನ್ನ ಪಿತ್ತ ನೆತ್ತಿಗೇರುವುದು ಇಲ್ಲಿ. ತಿಳಿವಳಿಕೆ ಆ ಮನೆಯೊಳಗೇ ಇತ್ತು. ಸ್ನಾನದ ಕೋಣೆಯಿಂದ ಹನ್ನೆರಡು ಹೆಜ್ಜೆ ದೂರದ ಮೇಜಿನಲ್ಲಿ ಕುಳಿತಿತ್ತು. ಹದಿನೈದು ವರ್ಷದಲ್ಲಿ ಆ ಹನ್ನೆರಡು ಹೆಜ್ಜೆಯನ್ನು ಒಂದು ಸಲ ನಡೆದವರು ಬೈಸಿಕೊಂಡು ವಾಪಸಾದರು, ಮತ್ತೆ ಯಾರೂ ನಡೆಯಲಿಲ್ಲ. ನಡುವೆ ನಿಂತಿದ್ದದ್ದು ಬಂದವರ ಮೂಗು.

ಅಂದು ಸಿಸ್ಟರ್ ಕುರ್ಚಿ ಎಳೆದು ಕೂರಿಸಿ ಹೇಳಿದರು. ಚರ್ಮದ ಮೇಲ್ಪದರ ಒಂದು ಇಟ್ಟಿಗೆ ಗೋಡೆ. ಇಟ್ಟಿಗೆಗಳ ನಡುವೆ ಗಾರೆ ಇರುತ್ತದೆ, ಆ ಗಾರೆ ಮೈಯೇ ಮಾಡಿಕೊಂಡ ಜಿಡ್ಡು. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಕೇಡು ಒಳಗೆ ಬಾರದಂತೆ ಕಾಯುವುದು ಅದೇ. ಸುಡುನೀರು ಮತ್ತು ಖಾರದ ಸೋಪು ಗಾರೆ ಕರಗಿಸುತ್ತವೆ, ಒರಟು ಬಟ್ಟೆ ಇಟ್ಟಿಗೆ ಕೀಳುತ್ತದೆ. ಎಳೆಯ ಮೈಯಲ್ಲಾದರೆ ಬೇಗ ಮತ್ತೆ ಕಟ್ಟಿಕೊಳ್ಳುತ್ತದೆ. "ವಯಸ್ಸಾದವರ ಮೈಯಲ್ಲಿ ಮೇಸ್ತ್ರಿ ನಿಧಾನ ಅಕ್ಕ. ಅವನು ಒಂದು ಸಾಲು ಕಟ್ಟೋ ಹೊತ್ತಿಗೆ ನೀವು ಎರಡು ಸಾಲು ಕೆಡವ್ತೀರಿ. ಮೈ ಒಣಗುತ್ತೆ, ತುರಿಸುತ್ತೆ, ಕೆರೆದ್ರೆ ಇನ್ನೂ ಬಿರಿಯುತ್ತೆ. ಅದಕ್ಕೆ ಮತ್ತೆ ಉಜ್ಜೋದು ಉರಿಯೋ ಬೆಂಕಿಗೆ ತುಪ್ಪ ಹೊಯ್ದ ಹಾಗೆ."

"ಹಾಗಾದ್ರೆ ಇನ್ನೇನು ಮಾಡ್ಲಿ?"

"ಕಡಿಮೆ ಮಾಡಿ."

ಇಪ್ಪತ್ತೆರಡು ವರ್ಷ ಹೆಚ್ಚು ಮಾಡಿಯೇ ಹೆಸರು ಗಳಿಸಿದವಳಿಗೆ ಇದಕ್ಕಿಂತ ಕಷ್ಟದ ಕೆಲಸ ಹೇಳಲು ಸಾಧ್ಯವಿಲ್ಲ.

ಶುಕ್ರವಾರದಿಂದ ಹೊಸ ಪಾಠ. ಒಂದೇ ಸ್ನಾನ, ಅದೂ ಐದಾರು ನಿಮಿಷ. ನೀರು ಉಗುರುಬೆಚ್ಚಗೆ. ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ವಾಸನೆಯಿಲ್ಲದ ಮೆದು ಸೋಪು, ಉಳಿದ ಮೈಗೆ ಬರೀ ನೀರು ಮತ್ತು ಬರೀ ಅಂಗೈ. ಟವೆಲಿನಿಂದ ಒರೆಸುವಂತಿಲ್ಲ, ಒತ್ತಿ ತೆಗೆಯಬೇಕು. ಮೈ ಇನ್ನೂ ತೇವವಾಗಿರುವಾಗಲೇ ಬಿಳಿಯ ದಪ್ಪ ಮುಲಾಮನ್ನು ಮೈಕೂದಲು ಇಳಿದ ದಿಕ್ಕಿಗೇ ಸವರಬೇಕು, ತಿಕ್ಕಬಾರದು. ಗಾಯಗಳನ್ನು ಸಿಸ್ಟರ್ ನೋಡಿಕೊಳ್ಳುತ್ತಾರೆ. ಉಗುರು ಚಿಕ್ಕದಾಗಿ ಕತ್ತರಿಸಿರಬೇಕು.

ಮೊಣಕೈ ಕೇಳಬೇಕಲ್ಲ! ಮಾತನಾಡುತ್ತಾ ಮಾತನಾಡುತ್ತಾ ಅದು ತಾನಾಗಿ ವೇಗ ಹಿಡಿಯುವುದು. ಅಜ್ಜ ಬೆರಳು ತಿರುಗಿಸುವರು, ಅವಳು ನಿಲ್ಲುವಳು, ಎರಡು ನಿಮಿಷಕ್ಕೆ ಮತ್ತೆ ಅದೇ. ಕೊನೆಗೆ ಒಂಬತ್ತೂ ಒರಟು ಬಟ್ಟೆಗಳನ್ನು ಒಟ್ಟಿಗೆ ಕೋಲಿಗೆ ಕಟ್ಟಿ ನೆಲ ಒರೆಸಲು ಕೊಟ್ಟುಬಿಟ್ಟಳು. "ಇನ್ನು ನೆಲಕ್ಕೇ ತುರಿಕೆ ಬರಲಿ," ಎಂದಳು. "ಅಜ್ಜ, ನಿಮ್ಮ ಮೈ ಸವರೋದು ಅಂದ್ರೆ ಕಣ್ಣು ಬಿಡದ ಬೆಕ್ಕಿನ ಮರಿ ಎತ್ತಿದ ಹಾಗೆ ಆಗ್ತಿದೆ. ನನಗೆ ಕೆಲಸ ಮಾಡಿದ ಹಾಗೇ ಅನ್ನಿಸ್ತಿಲ್ಲ."

ಮೂರು ದಿನ ಏನೂ ಆಗಲಿಲ್ಲ. ಆ ನಡುವಿನ ಭಾನುವಾರ ಮಗಳು ಬಂದಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಮತ್ತೆ ರಕ್ತದ ಗೆರೆ. ಡಾಕ್ಟರು ಬರಲು ಒಂದೇ ವಾರ. ಉಜ್ಜಕ್ಕ ಸೋಪಿನ ಪೆಟ್ಟಿಗೆಯ ಮುಂದೆ ಹೋಗಿ ನಿಂತಳು, ಒಂದು ಕೆಂಪು ಸೋಪು ಕೈಗೂ ತೆಗೆದುಕೊಂಡಳು.

"ಗೋಡೆ ಕೆಡವೋಕೆ ಎರಡು ವರ್ಷ ತಗೊಂಡ್ರಿ," ಸಿಸ್ಟರ್ ಹಿಂದಿನಿಂದ ಹೇಳಿದರು. "ಕಟ್ಟೋಕೆ ನಾಲ್ಕೇ ದಿನ ಕೊಡ್ತೀರಾ?"

ಸೋಪು ಪೆಟ್ಟಿಗೆಗೆ ವಾಪಸು ಹೋಯಿತು.

ಶನಿವಾರ ಹಾಸಿಗೆಯ ಮೇಲೆ ಬಿಳಿ ಹೊಟ್ಟು ಕಡಿಮೆಯಾಗಿತ್ತು. ಮರುದಿನ ಭಾನುವಾರ, ಮಗಳು ಬಂದಳು. ಅಪ್ಪನ ನೆತ್ತಿಗೆ ಬಗ್ಗಿ ಮೂಸಿದಳು. ಹುಬ್ಬು ಗಂಟಾಯಿತು. ಕುತ್ತಿಗೆ ಮೂಸಿದಳು.

"ಇವತ್ತು ಸ್ನಾನ ಮಾಡ್ಸಿಲ್ವಾ?"

ಮ್ಯಾನೇಜರ್ ಮೇಡಂ ಓಡಿ ಬಂದರು. "ಏನಿದು? ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೆಲಸಗಳ್ಳತನ ಶುರು ಮಾಡಿದ್ರಾ?"

ಕೆಲಸಗಳ್ಳಿ. ಆ ಮಾತು ಉಜ್ಜಕ್ಕನ ಕೆನ್ನೆಗೆ ಬಾರಿಸಿದಂತಾಯಿತು. "ಸಿಸ್ಟರ್ ಹೇಳಿದ್ರು, ಮಾಡ್ದೆ" ಎಂದಿದ್ದರೆ ಅವಳು ಬಚಾವಾಗುತ್ತಿದ್ದಳು. ನಾವೆಲ್ಲ ಹಾಗೇ ಬಚಾವಾಗುವುದು. ಅವಳು ಅಜ್ಜನ ಅಂಗಿಯ ತೋಳನ್ನು ಭುಜದವರೆಗೆ ಮಡಚಿದಳು.

"ಸ್ನಾನ ಆಗಿದೆ ಅಮ್ಮಾ. ಕೆಂಪು ಸೋಪು ಹಾಕಿಲ್ಲ. ನಿಮ್ಮಪ್ಪನ ಕೈ ಕಟ್ಟಿ ಅಂತ ನೀವೂ ಹೇಳಿದ್ರಂತೆ. ಅವರ ಮೈ ಹೀಗಾಗಿದ್ದು ಅವರ ಕೈಯಿಂದಲ್ಲ, ನನ್ನ ಕೈಯಿಂದ. ಎರಡು ವರ್ಷ ದಿನಾ ಉಜ್ಜಿ ಉಜ್ಜಿ ಸುಲಿದವಳು ನಾನು. ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಕಟ್ಟಲೇಬೇಕು ಅಂದ್ರೆ ನನ್ನ ಕೈ ಕಟ್ಟಿ."

ಬಗ್ಗಿದ್ದ ಮಗಳು ನೆಟ್ಟಗೆ ನಿಂತಳು.

"ಎರಡು ವರ್ಷ!" ಮಗಳ ದನಿ ಏರಿತು. "ಎರಡು ವರ್ಷ ನಮ್ಮಪ್ಪನ ಚರ್ಮ ಕಿತ್ತು, ಈಗ ಬಂದು ಹೇಳ್ತಿದ್ದೀರಾ?"

"ಹೌದಮ್ಮಾ. ಬೈಯಿರಿ. ಬೈದು ಮುಗಿದ ಮೇಲೆ ಒಂದು ಸಲ ಮುಟ್ಟಿ ನೋಡಿ."

ಮಗಳು ಮುಟ್ಟಿದಳು. ಮೊದಲು ಒಂದು ಬೆರಳು, ಆಮೇಲೆ ಪೂರ್ತಿ ಅಂಗೈ. ಗೀರುಗಳು ಇನ್ನೂ ಇದ್ದವು, ಆದರೆ ಒಣಗಿ ಹಕ್ಕಳೆಗಟ್ಟಿದ್ದವು. ನಡುವಿನ ಚರ್ಮ ಮೆತ್ತಗಿತ್ತು. ಅಪ್ಪನ ತೋಳನ್ನು ಕಡೆಯ ಸಲ ಯಾವಾಗ ಮುಟ್ಟಿದ್ದೆ ಎಂಬುದು ಅವಳಿಗೆ ನೆನಪಾಗಲಿಲ್ಲ. ಇದನ್ನು ಅವಳೇ ಆಮೇಲೆ ಹೇಳಿಕೊಂಡದ್ದು. ಕಣ್ಣು ತುಂಬಿ ಅಪ್ಪನ ಮುಖದ ಹತ್ತಿರ ಬಗ್ಗಿದಳು. ಅವಳ ಸೆಂಟಿನ ವಾಸನೆ ಹತ್ತಿರವಾದದ್ದೇ ತಡ, ಅಜ್ಜ ಎಡಗೈ ಎತ್ತಿ ಮೂಗು ಹಿಡಿದುಕೊಂಡರು.

ಮೊದಲು ನಕ್ಕವರು ಆರನೆಯ ಮಂಚದವರು. ಆಮೇಲೆ ಮಗಳು, ಅಳುತ್ತಳುತ್ತಲೇ.

ಮ್ಯಾನೇಜರ್ ಮೇಡಂ ನಗಲಿಲ್ಲ. ಆಕೆಯೂ ಕೆಟ್ಟವರಲ್ಲ, ಹೆದರಿದವರು. "ನಾಳೆ ನೀವೇ ಬಂದು ವಾಸನೆ ಅಂದ್ರೆ ನಾನು ಏನು ಹೇಳ್ಲಿ? ವಾಸನೆ ಸೋಪು ಬೇಡ, ಬಿಸಿನೀರು ಬೇಡ ಅಂತ ಮನೆಯವರೇ ಬರೆದು ಕೊಡಿ. ಆಗ ನನ್ನ ಅಡ್ಡಿಯಿಲ್ಲ."

ಮಗಳು ಡೈರಿಯ ಹಾಳೆ ಹರಿದು, ಅಪ್ಪನ ಎದೆಯನ್ನೇ ಮೇಜು ಮಾಡಿಕೊಂಡು, ನಾಲ್ಕು ಸಾಲು ಬರೆದು ಸಹಿ ಹಾಕಿದಳು. ಮರುದಿನವೇ ಡಾಕ್ಟರು ಬಂದರು. ತೋಳು ನೋಡಿದರು, ಹೊಟ್ಟೆ ನೋಡಿದರು. ಹೊಸ ಗೀರು ಒಂದೂ ಇಲ್ಲ.

"ಯಾವ ಔಷಧಿ ಶುರು ಮಾಡಿದ್ರಿ?"

"ಶುರು ಮಾಡಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು ಸಾರ್," ಎಂದಳು ಉಜ್ಜಕ್ಕ.

ಕೈ ಕಟ್ಟುವ ಕಾಗದಕ್ಕೆ ಡಾಕ್ಟರು ಸಹಿ ಹಾಕಲಿಲ್ಲ. ಗಡಿಯಾರದಜ್ಜ ಎರಡು ಬೆರಳು ತುಟಿಗೆ ಮುಟ್ಟಿಸಿ ನೀರು ಕೇಳಿದರು, ಕುಡಿದರು.

ಕತೆ ಇಲ್ಲಿಗೆ ನಿಲ್ಲಿಸಿದರೆ ನೀವು ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತೀರಿ. ನಿಲ್ಲಿಸುವುದಿಲ್ಲ. ಮಂಚ ಒಂಬತ್ತು, ಚೀಟಿ ಒಂದು. ಉಳಿದ ಎಂಟು ಮಂದಿಗೆ ಇಂದಿಗೂ ಅದೇ ನಿಯಮ. ಆದರೆ ಒಮ್ಮೆ ತಿಳಿದದ್ದನ್ನು ತಿಳಿಯದಂತೆ ಮಾಡಿಕೊಳ್ಳುವುದು ಉಜ್ಜಕ್ಕನಿಗೆ ಆಗಲಿಲ್ಲ. ಅವಳೊಂದು ಉಪಾಯ ಮಾಡಿದಳು. ಕಳೆದ ಕೆಲವು ತಿಂಗಳಿಂದ ಭಾನುವಾರ ಬೆಳಿಗ್ಗೆ ಆ ಕೆಂಪು ಸೋಪಿನ ನೊರೆಯಲ್ಲಿ ಅವಳು ಗಸಗಸ ಉಜ್ಜುತ್ತಿರುವುದು ಮಂಚಗಳನ್ನು. ಸರಳು, ಕಾಲು, ತಲೆಯ ಕಡೆಯ ಪಟ್ಟಿ, ಎಲ್ಲ. ರೋಗಿಗಳಿಗೆ ಉಗುರುಬೆಚ್ಚಗಿನ ನೀರು, ಅಂಗೈ, ಸಿಕ್ಕಷ್ಟು ಮುಲಾಮು. ಗಡಿಯಾರದಜ್ಜನ ಮಗಳು ಅಪ್ಪನಿಗೆಂದು ತಂದಿಡುವ ಡಬ್ಬಿ ಒಂಬತ್ತು ಮೈಗೆ ಹಂಚಿಹೋಗುತ್ತದೆ, ವಾರ ಮುಗಿಯುವ ಮೊದಲೇ ತಳ ಕಾಣುತ್ತದೆ. ಹತ್ತು ಗಂಟೆಗೆ ಮನೆಯವರು ಬರುತ್ತಾರೆ, ಬಗ್ಗುತ್ತಾರೆ, ಕಬ್ಬಿಣವನ್ನು ಮೂಸುತ್ತಾರೆ. "ಅಪ್ಪ ಘಮ್ ಅಂತಿದ್ದಾರೆ!"

"ಇದನ್ನ ಬರೀರಿ," ಎಂದಳು ಉಜ್ಜಕ್ಕ ನನಗೆ.

"ಮೇಡಂ ಓದಿದ್ರೆ?"

"ಓದಲಿ ಬಿಡಿ. ಎಷ್ಟು ದಿನ ಅಂತ ಮಂಚ ತೊಳೀತಾ ಕೂತಿರ್ಲಿ? ಕೆಲಸ ಹೋದ್ರೆ ಇನ್ನೊಂದು ಹುಡುಕ್ತೀನಿ. ಆದ್ರೆ ಆರನೇ ಮಂಚದವರ ಮನೆಯವರು ಒಂದು ಚೀಟಿ ಬರೆದ್ರೆ ನಾಳೆನೇ ಅವರ ಕೈ ಬಿಚ್ಚೋ ಮಾತು ಎತ್ತಬಹುದು ಅಂತ ಸಿಸ್ಟರ್ ಹೇಳ್ತಾರೆ."

ಬರೆದಿದ್ದೇನೆ. ಇದು ಅಚ್ಚಾದ ದಿನವೇ ಮೇಡಂ ಓದುತ್ತಾರೆ, ಭಾನುವಾರದ ಮಂಚದ ಸ್ನಾನ ನಿಲ್ಲುತ್ತದೆ. ಆಮೇಲೆ ಆ ಎಂಟು ಮೈಗಳಿಗೆ ಒಂದೋ ನಿಮ್ಮ ಚೀಟಿ, ಇಲ್ಲವೇ ಕೆಂಪು ಸೋಪು. ನಿಮ್ಮವರು ಇರುವುದು ಅದೇ ಮನೆಯಲ್ಲೋ, ಬೇರೆಯದರಲ್ಲೋ, ನಿಮ್ಮದೇ ಹಿಂದಿನ ಕೋಣೆಯಲ್ಲೋ, ನನಗೆ ಗೊತ್ತಿಲ್ಲ. ಈ ವಾರ ಅವರ ಹತ್ತಿರ ಹೋಗಿ. ಮೂಸಬೇಡಿ. ತೋಳು ಮಡಚಿ, ಕಾಲಿನ ಹೊದಿಕೆ ಸರಿಸಿ, ಅಂಗೈ ಇಟ್ಟು ನೋಡಿ. ಒಣಗಿ ಬಿರಿದಿದ್ದರೆ ಸ್ನಾನ ಮಾಡಿಸುವವರನ್ನು ಗದರಿಸಬೇಡಿ, ಅವರಿಗೆ ಈ ಸೋಪು ಬೇಕು ಎಂದವರು ನೀವು. ಒಂದು ಹಾಳೆ ತೆಗೆದುಕೊಳ್ಳಿ. ವಾಸನೆಯ ಸೋಪು ಬೇಡ, ಸುಡುನೀರು ಬೇಡ, ಉಜ್ಜುವುದು ಬೇಡ, ತೇವ ಆರುವ ಮೊದಲು ಮುಲಾಮು ಸವರಿ ಎಂದು ನಾಲ್ಕು ಸಾಲು ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ, ಸ್ನಾನ ಮಾಡಿಸುವವರ ಕೈಗೆ ಕೊಟ್ಟು ಬನ್ನಿ.